ಎಂಬತ್ತೆಂಟು ಮೊಳದ ಬಲೆ

ಸೋನಾಬಾಯಿಯ ಮಾವ ಹೆಣೆದಿಟ್ಟು ಹೋದ ಬಲೆ ಎಂಬತ್ತೆಂಟು ಮೊಳ ಉದ್ದವಿತ್ತು. ಬಲೆ ಎಂದ ಕೂಡಲೇ ಬೋರಿ ಹೊಳೆಯ ಮೀನು ನೆನೆಸಿಕೊಳ್ಳಬೇಡಿ. ಇದು ಕುರಿ ತರುಬುವ ಬಲೆ, ಗಟ್ಟಿ ಹುರಿಯಲ್ಲಿ ಹೆಣೆದದ್ದು, ಸೊಂಟದೆತ್ತರದ್ದು. ಸುಗ್ಗಿ ಮುಗಿದ ಮೇಲೆ ಗಡಿಯಾಚೆ ಮರಾಠಿ ನಾಡಿಗೆ ಸೇರಿದ ಅಕ್ಕಲಕೋಟ ಸೀಮೆಯ ರೈತರು ಕುರಿಗಾರರನ್ನು ಕರೆದು ತಮ್ಮ ಹೊಲದಲ್ಲಿ ಕುರಿ ಕೂಡಿಸಿಕೊಳ್ಳುತ್ತಾರೆ. ಸಂಜೆ ಗೂಟ ಬಡಿದು ಬಲೆಯನ್ನು ದುಂಡಗೆ ಕಟ್ಟಿದರೆ ಅದೇ ದಡ್ಡಿ. ಕುರಿಗಳು ಅದರೊಳಗೆ ಮಲಗೆದ್ದರೆ ಹೊಲಕ್ಕೆ ಹಿಕ್ಕಿಯ ಗೊಬ್ಬರ ಸಿಗುತ್ತದೆ, ಕುರಿಗಾರರ ಮನೆಗೆ ಜೋಳ ಬರುತ್ತದೆ.

ಆ ದಡ್ಡಿಯಲ್ಲಿ ಇನ್ನೂರು ಕುರಿ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ ಸರಿಯಾಗಿ ಕೂಡುತ್ತಿದ್ದವು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಮಾವ ತೀರಿಕೊಂಡ ಮೇಲೂ ಮಕ್ಕಳಾದ ಸಾಯಬಣ್ಣ ಮತ್ತು ಸಿದ್ಧರಾಮ ಅದೇ ಬಲೆಯನ್ನು ಹೊತ್ತುಕೊಂಡು ಊರೂರು ತಿರುಗುತ್ತಿದ್ದರು. ಸೋನಾಬಾಯಿ ದೊಡ್ಡವನ ಹೆಂಡತಿ. ಅವಳು ಈ ಮನೆಗೆ ಬಂದಾಗ ಸಿದ್ಧರಾಮ ಇನ್ನೂ ಮೂಗು ಸುರಿಸಿಕೊಂಡು ಓಡಾಡುವ ಪೋರ. ಅವನಿಗೆ ತುತ್ತು ಕೊಟ್ಟವಳು, ಅವನ ತಲೆಯ ಹೇನು ತೆಗೆದವಳು, ಕೊನೆಗೆ ಅವನಿಗೆ ಶ್ರದ್ಧಾಳನ್ನು ನೋಡಿ ತಂದವಳು ಎಲ್ಲಾ ಇವಳೇ.

ಅಂಥ ಮನೆ ಒಡೆದದ್ದು ಮೂರು ಮರಾಠಿ ಪದಗಳಿಂದ ಎಂದರೆ ಯಾರೂ ನಂಬಲಿಕ್ಕಿಲ್ಲ. ಆಗ ಕುರಿಗಳು ಅಣ್ಣಾರಾಯ ಪಾಟೀಲರ ಹೊಲದಲ್ಲಿದ್ದವು. ಅದು ಮುಗಿದ ಮೇಲೆ ಕುರನೂರ ಡ್ಯಾಮಿನ ಕಡೆಗೇ ಉಳಿಯುವುದೆಂದು ಸಾಯಬಣ್ಣನ ಲೆಕ್ಕ. ಇತ್ತ ಸಿದ್ಧರಾಮ ಫೋನಿನಲ್ಲಿ ದುಧನಿ ಕಡೆಯ ರೈತನೊಬ್ಬನಿಗೆ ಬರುತ್ತೇವೆಂದು ಮಾತು ಕೊಟ್ಟುಬಿಟ್ಟಿದ್ದ.

"ನನ್ನ ಕೇಳದ ಹೂಂ ಅಂದಿ ಯಾಕೋ?" ಎಂದ ಸಾಯಬಣ್ಣ.

"ತುಮ್ಹಾಲಾ ಕಾಯ ಕರಾಯಚಂಯ?" ಎಂದ ಸಿದ್ಧರಾಮ.

ನಿಮಗೇನು ಮಾಡಬೇಕಾಗಿದೆ, ಈ ಉಸಾಬರಿ ನಿಮಗ್ಯಾಕೆ ಎಂದು ಇದರ ಅರ್ಥ. ಅರ್ಥ ದೊಡ್ಡದೇನಲ್ಲ. ಆದರೆ ಆ ಮನೆಯಲ್ಲಿ ಮರಾಠಿ ಎಂದರೆ ಸಾಲೆಗೆ, ಸಂತೆಗೆ, ತಲಾಠಿ ಕಚೇರಿಗೆ, ಬಸ್ಸಿನ ಕಂಡಕ್ಟರನಿಗೆ. ಕುರಿಗೂ ದೇವರಿಗೂ ಒಡಹುಟ್ಟಿದವರಿಗೂ ಕನ್ನಡವೇ. ತಮ್ಮ ತನಗೆ 'ನೀ' ಎನ್ನುವುದನ್ನು ಬಿಟ್ಟು, ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಯಾರಿಗೋ ಅನ್ನುವ ಹಾಗೆ 'ತುಮ್ಹಾಲಾ' ಎಂದ. ಸಾಯಬಣ್ಣನಿಗೆ ಅದು ಎದೆಗೆ ನಾಟಿತು. ಅವನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ತಮ್ಮನದೂ ಅದೇ ಮೂಗು. ಮಾತಿಗೆ ಮಾತು ಬೆಳೆದು ಮಧ್ಯಾಹ್ನದ ಹೊತ್ತಿಗೆ ಕುರಿ ಪಾಲಾದವು. ಅವನಿಗೆ ನೂರು, ಇವನಿಗೆ ನೂರು. ಬಲೆಯನ್ನೂ ಬಿಡಲಿಲ್ಲ. ಎರಡು ತುದಿ ಕೂಡಿಸಿ, ನಡುವೆ ಮಡಿಸಿ, ಮಡಿಕೆಯ ಮೇಲೆ ಕುಡುಗೋಲು ಎಳೆದರು. ಸೋನಾಬಾಯಿ ಕಣ್ಣು ಮುಚ್ಚಿಕೊಂಡಳು.

ಆ ಸಂಜೆ ಪಾಟೀಲರ ಹೊಲದ ಮೇಲ್ತುದಿಗೆ ಸಾಯಬಣ್ಣ ಗೂಟ ಬಡಿದ, ಕೆಳತುದಿಗೆ ಸಿದ್ಧರಾಮ ಬಡಿದ. ಅರ್ಧ ಕುರಿಗೆ ಅರ್ಧ ಬಲೆ, ಸಾಲಬೇಕಲ್ಲ? ಸಾಯಬಣ್ಣ ಕುರಿ ಹೊಡೆದು ಒಳಗೆ ತುಂಬಿದ. ಐವತ್ತು ಕುರಿ ಹೊಕ್ಕವೋ ಇಲ್ಲವೋ, ದಡ್ಡಿ ತುಂಬಿಹೋಯಿತು. ಉಳಿದವನ್ನು ಒತ್ತಿ ತುಂಬಲು ಹೋದರೆ ಕುರಿಯ ಮೇಲೆ ಕುರಿ ಏರಿದವು, ಗೂಟ ವಾಲಿತು, ಮರಿಗಳು ಬಾಯಿ ಬಾಯಿ ಬಿಟ್ಟವು. ಐವತ್ತು ಕುರಿ ಒಳಗೆ, ಐವತ್ತು ಕುರಿ ಹೊರಗೆ ನಿಂತು ಯಜಮಾನನ ಮುಖ ನೋಡತೊಡಗಿದವು.

"ಸಿದ್ಯಾ ಬಲಿ ಹೆಚ್ಚ ಕೊಯ್ಕೊಂಡಾನ!" ಎಂದು ಸಾಯಬಣ್ಣ ಅರಚಿದ.

ಅದೇ ಹೊತ್ತಿಗೆ ಕೆಳತುದಿಯಿಂದಲೂ ಅರಚು ಕೇಳಿಸಿತು. ಸಿದ್ಧರಾಮನ ದಡ್ಡಿಯಲ್ಲೂ ಅರ್ಧ ಕುರಿ ಹೊರಗೇ ನಿಂತಿದ್ದವು.

ಮರುದಿನ ಪಾಟೀಲರೇ ನಡುವೆ ನಿಂತು ಎರಡೂ ತುಂಡುಗಳನ್ನು ಅಕ್ಕಪಕ್ಕ ಹಾಸಿ ಎಳೆಸಿ ನೋಡಿದರು. ಒಂದು ಬೆರಳಿನಷ್ಟೂ ಫರಕಿರಲಿಲ್ಲ. ಇಷ್ಟಕ್ಕೆ ತಂಟೆ ಮುಗಿಯಬೇಕಿತ್ತು, ಇನ್ನೂ ಹೆಚ್ಚಾಯಿತು. ಎರಡೂ ತುಂಡು ಸರಿಯಾಗಿವೆ, ಎರಡರಲ್ಲೂ ಕುರಿ ಕೂಡುವುದಿಲ್ಲ. ಅಂದ ಮೇಲೆ ಕೊಯ್ಯುವ ಮೊದಲೇ ಯಾರೋ ಒಂದು ತುಂಡು ಹಾರಿಸಿದ್ದಾರೆ! ಕೊಯ್ಯುವ ಹಿಂದಿನ ಹಗಲು ಬಲೆ ಸಿದ್ಧರಾಮ ತಂದ ಬಾಡಿಗೆ ಟೆಂಪೋದಲ್ಲಿತ್ತು ಎಂದು ಅಣ್ಣ ಹೇಳಿದ. ಅದರ ಹಿಂದಿನ ಹಗಲು ಅಣ್ಣ ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ ಎಂದು ತಮ್ಮ ಹೇಳಿದ.

"ಮೊಳ ಹಾಕಿ ನೋಡ್ರಲ್ಲ," ಎಂದರು ಪಾಟೀಲರು.

ಸಾಯಬಣ್ಣ ಮೊಳ ಹಾಕಿದ, ನಲವತ್ತಾರು ಬಂತು. ಸಿದ್ಧರಾಮ ಹಾಕಿದ, ನಲವತ್ತೇಳು ಬಂತು. ನಲವತ್ತನಾಲ್ಕಾದರೆ ಸಾಕಿತ್ತು, ಹೆಚ್ಚೇ ಇತ್ತು. ಇಬ್ಬರೂ ಒಪ್ಪಲಿಲ್ಲ. "ಅದು ಅಪ್ಪನ ಮೊಳದ ಲೆಕ್ಕ. ಅಪ್ಪನ ಕೈ ಎಷ್ಟ ಉದ್ದ ಇದ್ವು!" ಎಂದ ಒಬ್ಬ. "ಮೊಳಕಾಲ ಮುಟ್ತಿದ್ವು," ಎಂದ ಇನ್ನೊಬ್ಬ. ತೀರಿಹೋದ ಮಾವನ ಕೈ ಅಣ್ಣತಮ್ಮರ ಜಗಳದಲ್ಲಿ ಗಳಿಗೆಗೊಂದು ಗೇಣು ಬೆಳೆಯತೊಡಗಿತು. ಅದೊಂದು ಮಾತಿನಲ್ಲಿ ಮಾತ್ರ ಇಬ್ಬರದೂ ಒಮ್ಮತ.

ಕೊನೆಗೆ ಇಬ್ಬರೂ ಒಂದೇ ಪಟ್ಟು ಹಿಡಿದರು. ಭಾನುವಾರ ಬೀರೋಬಾನ ಗುಡಿಯಲ್ಲಿ ದೇವರ ಅರಿಶಿನವಾದ ಭಂಡಾರ ಮುಟ್ಟಿ ಆಣೆ ಮಾಡುವುದು, ನಾನು ಕದ್ದಿಲ್ಲ, ಅವನೇ ಕದ್ದದ್ದು ಎಂದು. ಅವರ ಬೆಡಗಿನಲ್ಲಿ, ಅಂದರೆ ಕುಲದಲ್ಲಿ, ಒಬ್ಬರ ಮೇಲೊಬ್ಬರು ಭಂಡಾರ ಮುಟ್ಟಿದರೆ ಆ ಎರಡು ಮನೆಗಳ ನಡುವೆ ಅನ್ನ ನೀರು ನಿಂತುಹೋಗುತ್ತದೆ. ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯುವಂತಿಲ್ಲ. ಶ್ರದ್ಧಾಳಿಗೆ ಆಗ ಐದನೆಯ ತಿಂಗಳು. ಅವಳ ಸೀಮಂತದ ಕುಬಸಕ್ಕೆಂದು ಸೋನಾಬಾಯಿ ಸೊಲ್ಲಾಪುರದಿಂದ ಹಸಿರು ಸೀರೆ ತರಿಸಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಆಣೆಯಾಯಿತೆಂದರೆ ಸೀರೆ ಉಡಿಸುವುದು ಹಾಗಿರಲಿ, ಹುಟ್ಟುವ ಕೂಸನ್ನು ಎತ್ತಿಕೊಳ್ಳಲೂ ಆಗುವುದಿಲ್ಲ. ಈ ಗಂಡಸರಿಗೆ ಬಲೆ ಕಾಣುತ್ತದೆ, ಅದು ಕಾಣುವುದಿಲ್ಲವಲ್ಲ ಎಂದು ಅವಳು ಗೊಣಗಿಕೊಂಡಳು.

ಶನಿವಾರ ಮುಂಜಾನೆ ಗಂಡಸರು ಕುರಿ ಬಿಟ್ಟುಕೊಂಡು ಹೋದ ಮೇಲೆ ನೆಗೆಣ್ಣಿಯರಾದ ಸೋನಾಬಾಯಿ, ಶ್ರದ್ಧಾ ಪಾಟೀಲರ ಬೋರ್‌ವೆಲ್ಲಿನ ಹತ್ತಿರ ಸಿಕ್ಕರು. ಸಿಕ್ಕರು ಎಂದರೆ, ಇಬ್ಬರೂ ತುಂಬಿದ ಕೊಡವನ್ನು ಚೆಲ್ಲಿ ಮತ್ತೆ ನೀರಿಗೆ ಬಂದಿದ್ದರು. ಸೋನಾಬಾಯಿ ಹಸನು ಮಾಡಲೆಂದು ಜೋಳದ ಮೊರವನ್ನೂ ಜತೆಗೆ ತಂದಿದ್ದಳು, ಯಾರಾದರೂ ಕೇಳಿದರೆ ಕೂತದ್ದಕ್ಕೆ ಒಂದು ನೆಪ ಬೇಕಲ್ಲ.

"ಅಕ್ಕಾ, ಯಾರೂ ಕದ್ದಿಲ್ಲ," ಎಂದಳು ಶ್ರದ್ಧಾ, ಕೂತ ಕೂಡಲೇ. ಅವಳು ಅಕ್ಕಲಕೋಟದಲ್ಲಿ ಹನ್ನೆರಡನೆಯ ತನಕ ಮರಾಠಿ ಸಾಲೆ ಓದಿದವಳು. "ಇವರಿಗಿ ಹೇಳ್ದೆ. ಪುಸ್ತಕದಾಗಿನ ವರ್ತುಳದಾಗ ಕುರಿ ಮಲಗೂದಿಲ್ಲ ಅಂತ ನಕ್ಕರು. ಪರೀಘ ಅರ್ಧ ಆದ್ರ ಕ್ಷೇತ್ರಫಳ ಪಾವ್ ಆಗ್ತದಕ್ಕಾ."

"ನನಗ ತಿಳಿಯೂ ಹಂಗ ಹೇಳ. ಈ ಮನ್ಯಾಗ ಈಗ ಮರಾಠಿ ಅಂದ್ರ ಮೈಮ್ಯಾಲ ಬರ್ತಾರ."

ಶ್ರದ್ಧಾ ಯೋಚಿಸಿದಳು. ಆ ಶಬ್ದಗಳನ್ನು ಅವಳು ಎಂದೂ ಕನ್ನಡದಲ್ಲಿ ಕೇಳಿರಲಿಲ್ಲ. "ಪರೀಘ ಅಂದ್ರ... ಬಲಿ. ಗುಂಡಗ ತಿರುಗಿ ಬರೂದು."

"ಸುತ್ತು," ಎಂದಳು ಸೋನಾಬಾಯಿ.

"ಹಾಂ, ಸುತ್ತು. ಕ್ಷೇತ್ರಫಳ ಅಂದ್ರ ಅದರೊಳಗ ಎಷ್ಟ ಹಿಡಸ್ತದ ಅದು."

"ಹೊಟ್ಟಿ ಅನ್ನ."

ಶ್ರದ್ಧಾ ನಕ್ಕಳು. ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಡ್ಡಿ ಹಿಡಿದು ಹಸಿ ಮಣ್ಣಿನ ಮೇಲೆ ಒಂದು ದೊಡ್ಡ ಗುಂಡು ಬರೆದಳು. "ಎಂಥಾ ಗುಂಡ ಇದ್ರೂ, ಸುತ್ತು ಇಪ್ಪತ್ತೆರಡು ಇದ್ರ ಅಡ್ಡಗಲ ಏಳು. ನಮ್ಮ ಬಲಿ ಎಂಬತ್ತೆಂಟು, ಅಂದ್ರ ಅಡ್ಡಗಲ ಇಪ್ಪತ್ತೆಂಟು. ನಟ್ಟನಡುವಿಂದ ಬಲಿತನಕ ಅದರ ಅರ್ಧ, ಹದಿನಾಕು. ಹದಿನಾಕನ್ನ ಹದಿನಾಕರಿಂದ ಗುಣಿಸಿ, ಮತ್ತ ಇಪ್ಪತ್ತೆರಡರಿಂದ ಗುಣಿಸಿ ಏಳರಿಂದ ಭಾಗಿಸಿದ್ರ ಹೊಟ್ಟಿ. ಆರನೂರಾ ಹದಿನಾರು ಚೌಕ ಮೊಳ. ಇನ್ನೂರು ಕುರಿಗಿ ಹಂಚಿದ್ರ ಒಂದಕ್ಕ ಮೂರು ಮೊಳ ಬರ್ತದ. ಮಲಗಿ ಮೆಲಕು ಹಾಕಾಕ ಸಾಕು."

"ಸರಿ. ಈಗ ಅರ್ಧ ಬಲಿ?"

"ಸುತ್ತು ನಲವತ್ನಾಕು. ಅಡ್ಡಗಲ ಹದಿನಾಕು. ನಡುವಿಂದ ಏಳು. ಅದ ಲೆಕ್ಕ ಮಾಡಿದ್ರ ಹೊಟ್ಟಿ ಒಂದನೂರಾ ಐವತ್ನಾಕು."

ಸೋನಾಬಾಯಿ ಬೆರಳು ಮಡಿಚಿದಳು, ಬಿಚ್ಚಿದಳು. "ಎರಡೂ ದಡ್ಡಿ ಕೂಡಿಸಿದ್ರ ಮುನ್ನೂರಾ ಎಂಟ ಆತಲ್ಲ. ಉಳಿದ ಮುನ್ನೂರಾ ಎಂಟು ಎಲ್ಲಿ ಹೋತು?"

"ಹೋತು."

"ಹೋತು ಅಂದ್ರ? ಯಾರು ಒಯ್ದ್ರು?"

"ಯಾರೂ ಒಯ್ದಿಲ್ಲಕ್ಕಾ. ಕೊಯ್ದದ್ದಕ್ಕ ಹೋತು. ಬಲಿ ಸಣ್ಣದಾದ್ರ ದಡ್ಡಿ ಈ ಕಡಿಂದನೂ ಅರ್ಧ ಆಗ್ತದ, ಆ ಕಡಿಂದನೂ ಅರ್ಧ ಆಗ್ತದ. ಅರ್ಧದಾಗ ಮತ್ತ ಅರ್ಧ."

ಸೋನಾಬಾಯಿಗೆ ಹುಡುಗಿಯ ಮೇಲೆ ನಂಬಿಕೆ ಇತ್ತು, ಲೆಕ್ಕದ ಮೇಲೆ ಇನ್ನೂ ಬಂದಿರಲಿಲ್ಲ. ಮುನ್ನೂರು ಮೊಳ ಜಾಗ ಯಾರೂ ಮುಟ್ಟದೆ ಮಾಯವಾಗುವುದೆಂದರೇನು? ಅವಳ ಸೊಂಟದಲ್ಲಿ ಉಣ್ಣೆಯ ನೂಲಿನ ಉಂಡೆ ಇದ್ದೇ ಇರುತ್ತಿತ್ತು. ಒಂದು ಮೊಳ ಎಳೆದು ಕಡಿದಳು, ತುದಿಗೆ ತುದಿ ಗಂಟು ಹಾಕಿ ಮೊರದಲ್ಲಿ ದುಂಡಗೆ ಇಟ್ಟಳು. ಅದರೊಳಗೆ ಜೋಳದ ಕಾಳನ್ನು ಒಂದರ ಮೇಲೊಂದು ಏರದ ಹಾಗೆ ಹರಡಿ ತುಂಬಿದಳು. ಆಮೇಲೆ ನೂಲನ್ನು ತೆಗೆದು, ಸರಿಯಾಗಿ ನಡುವೆ ಹಲ್ಲಿನಿಂದ ಕಡಿದು, ಎರಡು ಸಣ್ಣ ಗುಂಡು ಮಾಡಿ, ಅದೇ ಕಾಳನ್ನು ಎರಡಕ್ಕೂ ಹಂಚಿದಳು. ಎರಡೂ ತುಂಬಿದವು. ಅರ್ಧ ಜೋಳ ಹೊರಗೇ ಉಳಿಯಿತು.

ಅವಳು ಮೂಗಿನ ಮೇಲೆ ಬೆರಳಿಟ್ಟುಕೊಂಡಳು. ನೂಲು ತನ್ನದೇ, ಜೋಳ ತನ್ನದೇ, ಕಡಿದ ಹಲ್ಲೂ ತನ್ನದೇ. ಇಲ್ಲಿ ಕದಿಯಲು ಸಿದ್ಧರಾಮ ಬಂದಿರಲಿಲ್ಲ. ಆಗ ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಶ್ರದ್ಧಾಳ ಗಲ್ಲ ಹಿಡಿದು ಲಟಕ್ಕನೆ ಬೆರಳು ಮುರಿದು ದೃಷ್ಟಿ ತೆಗೆದಳು.

"ನಾಳಿಗಿ ನೋಡ ನಿಮ್ಮ ಭಾವನ ಮಾರಿ," ಎಂದಳು.

ಭಾನುವಾರ ಬೀರೋಬಾನ ಗುಡಿಯ ಮುಂದೆ ಬೆಡಗಿನ ಹತ್ತಾರು ಮಂದಿ ಸೇರಿದ್ದರು, ಪಾಟೀಲರೂ ಬಂದಿದ್ದರು. ಪೂಜಾರಿ ಕೈಲಾಸ ಭಂಡಾರದ ತಾಟು ತಂದು ಕಟ್ಟೆಯ ಮೇಲಿಟ್ಟ. ಅರಿಶಿನ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ, ಇಬ್ಬರೂ ಮುಖ ಗಂಟಿಕ್ಕಿಕೊಂಡು ಆಕಾಶ ನೋಡುತ್ತ ನಿಂತಿದ್ದರು. ಸಾಯಬಣ್ಣ ಕೈ ಮುಂದೆ ಚಾಚಿದ.

"ಪೂಜಾರ್ರ, ಒಂದ ಮಾತು," ಎಂದು ಸೋನಾಬಾಯಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. "ತಂಟಿ ಬಲಿದು. ಬಲಿನೂ ದೇವರ ಮುಂದ ಬರ್ಲಿ. ಬಲಿ ಕಣ್ಣ ಮುಂದ ಇಲ್ಲದ ಅದರ ಮ್ಯಾಲ ಆಣಿ ಹ್ಯಾಂಗ ಮಾಡೂದು?"

ಕೈಲಾಸ ತಲೆ ಕೆರೆದುಕೊಂಡ. ಮಾತು ನ್ಯಾಯವಾಗಿತ್ತು. ಎರಡೂ ತುಂಡು ಬಂದವು. ಅವು ಬರುವುದರೊಳಗೆ ಸೋನಾಬಾಯಿ ಮೊರ ಹಾಸಿ ನೂಲು ಕಡಿದು ಜೋಳ ಹಂಚಿ ತೋರಿಸಿದಳು. ಮಂದಿ ಬಗ್ಗಿ ಬಗ್ಗಿ ನೋಡಿದರು. ಶ್ರದ್ಧಾ ಹಿಂದೆ ನಿಂತು ಲೆಕ್ಕ ಹೇಳಿದಳು, ಸುತ್ತು, ಹೊಟ್ಟೆ, ಅಡ್ಡಗಲ, ಒಂದು ಮರಾಠಿ ಶಬ್ದವೂ ಬರದ ಹಾಗೆ. ಪಾಟೀಲರು "ಅರೆ ವ್ಹಾ" ಎಂದರು. ಸಿದ್ಧರಾಮ ಮೊರದ ಕಡೆ ಕತ್ತು ನೀಡಿ, ಅಣ್ಣ ನೋಡಿದನೆಂದು ಮತ್ತೆ ಆಕಾಶಕ್ಕೆ ತಿರುಗಿದ.

ಸಾಯಬಣ್ಣ ಜಗ್ಗಲಿಲ್ಲ. "ಜೋಳಕ್ಕ ಕಾಲಿಲ್ಲ. ಇಟ್ಟಲ್ಲೆ ಇರ್ತಾವು. ಕುರಿ ಹಂಗ ಇರ್ತಾವೇನು?"

"ಹಂಗಾರ ಕುರಿನ ತರ್ರಿ," ಎಂದಳು ಸೋನಾಬಾಯಿ. "ಎರಡೂ ಬಲಿ ಕೂಡಿಸಿ ಕಟ್ರಿ, ಎರಡೂ ಪಾಲಿನ ಕುರಿ ತುಂಬ್ರಿ. ತುಂಡು ಕಳುವಾಗಿದ್ರ ಅರ್ಧ ಕುರಿ ಹೊರಗ ಉಳೀತಾವು. ಉಳಿದ್ರ ಇಬ್ರೂ ಆಣಿ ಮಾಡ್ರಿ, ನಾ ಬಾಯಿ ತೆರೆಯೂದಿಲ್ಲ."

ಅಂದುಬಿಟ್ಟಳು. ಜೋಳಕ್ಕೆ ನಿಜವಾಗಿ ಕಾಲಿರಲಿಲ್ಲ, ಗಂಡ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಿಂದಕ್ಕೆ ಕೈ ಚಾಚಿದಳು. ಶ್ರದ್ಧಾ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಗುಡಿಯ ಮುಂದಿನ ಬಯಲಿನಲ್ಲಿ ಗೂಟ ಬಡಿದರು. ಎರಡು ತುಂಡು ಎಂದ ಮೇಲೆ ಎರಡು ಕಡೆ ಕೂಡಿಸಬೇಕು. ಒಂದು ಕಡೆ ಪಾಟೀಲರು ಎತ್ತಿನ ಹಗ್ಗದಿಂದ ಬಿಗಿದರು. ಇನ್ನೊಂದು ಕಡೆ ಕುರಿ ಒಳಗೆ ಹೋಗುವ ಬಾಯಿ. ಅಲ್ಲಿ ತನ್ನ ತುಂಡನ್ನು ಇನ್ನೊಬ್ಬ ಮುಟ್ಟಬಾರದೆಂದು ಇಬ್ಬರಿಗೂ ಹಟ. ಹೀಗಾಗಿ ಅಣ್ಣ ತನ್ನ ತುದಿ ಹಿಡಿದು ನಿಂತ, ತಮ್ಮ ತನ್ನ ತುದಿ ಹಿಡಿದು ನಿಂತ.

ಕುರಿ ಬಂದವು. ಗಂಟೆ ಕಟ್ಟಿದ ಟಗರು ಸಿದ್ಧರಾಮನ ಪಾಲಿಗೆ ಹೋಗಿತ್ತು. ಅದರ ಗಂಟೆ ಕೇಳಿಸಿದ್ದೇ ತಡ, ಸಾಯಬಣ್ಣನ ಪಾಲಿನ ಕುರಿಗಳೆಲ್ಲ ಬ್ಯಾ ಎಂದು ಒಮ್ಮೆಲೇ ಅದರ ಬೆನ್ನು ಹತ್ತಿ ನುಗ್ಗಿದವು. ಧೂಳೆದ್ದಿತು. ಅವನದು ಯಾವುದು, ಇವನದು ಯಾವುದು ಎಂದು ಎಣಿಸಲು ಹೋದವರು ಅಲ್ಲಿಗೇ ಬಿಟ್ಟರು. ತಾವು ಪಾಲಾಗಿ ಮೂರು ದಿನವಾದದ್ದು ಕುರಿಗಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವು ಕಿವಿಗೆ ಹಾಕಿಕೊಂಡಿರಲಿಲ್ಲ. ಅಣ್ಣತಮ್ಮರ ನಡುವಿನಿಂದ ಅವು ಹರಿಯುತ್ತಲೇ ಇದ್ದವು. ಕೊನೆಗೆ ಒಂದು ಕುಂಟು ಮರಿ ಕುಪ್ಪಳಿಸುತ್ತ ಬಂದು ಒಳಗೆ ಹೋಯಿತು.

ಧೂಳು ಇಳಿಯಿತು. ಸಾಯಬಣ್ಣ ಹಿಂದೆ ತಿರುಗಿ ನೋಡಿದ. ಹೊರಗೆ ಒಂದು ಕುರಿಯೂ ಇರಲಿಲ್ಲ. ಒಳಗೆ ನೋಡಿದ. ಯಾವುದೂ ಯಾವುದರ ಮೇಲೂ ಏರಿರಲಿಲ್ಲ. ಕೆಲವು ಆಗಲೇ ಕಾಲು ಮಡಿಚಿ ಕೂತು ಮೆಲುಕು ಹಾಕತೊಡಗಿದ್ದವು. ಸೋನಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಶ್ರದ್ಧಾಳ ಕೈ ಹಿಡಿದು ಕುರಿಗಳನ್ನು ಸರಿಸುತ್ತ ನಟ್ಟನಡುವೆ ಹೋಗಿ, ಬೇಕೆಂದೇ ಕಾಲು ಚಾಚಿ ಕೂತಳು. ಮಂದಿ ಹೋ ಎಂದು ನಕ್ಕರು.

"ಇದ ಬಲಿ, ಇವ ಕುರಿ," ಎಂದ ಸಾಯಬಣ್ಣ ನಿಧಾನವಾಗಿ. "ಮತ್ತ ಯಾರೂ ಕದ್ದಿಲ್ಲ?"

"ಯಾರೂ ಕದ್ದಿಲ್ಲರಿ," ಎಂದಳು ಸೋನಾಬಾಯಿ. "ಅಲ್ಲಿ ಐವತ್ತು, ಇಲ್ಲಿ ಐವತ್ತು ಹೊರಗ ನಿಂತಿದ್ವು. ನೀವಿಬ್ರೂ ಬ್ಯಾರಿ ನಿಂತ್ರ ನೂರು ಕುರಿಗಿ ಜಾಗಾ ಇರೂದಿಲ್ಲ."

ಬಾಯಿ ಮುಚ್ಚಬೇಕಾದರೆ ಎರಡು ತುದಿ ಹತ್ತಿರ ಬರಬೇಕು. ತುದಿ ಹಿಡಿದ ಅಣ್ಣತಮ್ಮರೂ ಹತ್ತಿರ ಬಂದರು, ಭುಜಕ್ಕೆ ಭುಜ ತಾಕಿತು.

"ನಿನಗ ಕಳ್ಳ ಅಂದೆ ನಾ," ಎಂದ ಸಾಯಬಣ್ಣ, ನೆಲ ನೋಡುತ್ತ.

"ನಾನೂ ಅಂದೆ," ಎಂದ ಸಿದ್ಧರಾಮ. ತನ್ನ ತುದಿಯನ್ನು ಅಣ್ಣನ ತುದಿಗೆ ಜೋಡಿಸಿ ಕೇಳಿದ, "ಹುರಿ ಎಲ್ಲಿ ಅದ ಅಣ್ಣಾ?"

ಪಾಟೀಲರು ಹುರಿ ಎಸೆದರು. ಅಪ್ಪ ಕಲಿಸಿದ ಗಂಟು ಒಬ್ಬನಿಂದ ಆಗುವಂಥದ್ದಲ್ಲ. ಒಬ್ಬ ಜಗ್ಗಿ ಹಿಡಿಯಬೇಕು, ಇನ್ನೊಬ್ಬ ಬಿಗಿಯಬೇಕು. ಸಿದ್ಧರಾಮ ಜಗ್ಗಿ ಹಿಡಿದ. ಸಾಯಬಣ್ಣ ಬಿಗಿಯಲು ಬಗ್ಗಿದ. ಕೈಲಾಸ ಭಂಡಾರದ ತಾಟನ್ನು ಎತ್ತಿಕೊಂಡು, ಆಣೆಗೆಂದು ತಂದದ್ದನ್ನು ಏನು ಮಾಡುವುದೆಂದು ಅತ್ತಿತ್ತ ನೋಡುತ್ತಿದ್ದ.

"ಅಣ್ಣಾ," ಎಂದ ಸಿದ್ಧರಾಮ ಮೆಲ್ಲಗೆ, "ಇಲ್ಲಿಂದ ಯಾವ ಕಡಿ ಹೋಗೂದು? ಕುರನೂರ ಕಡಿನೋ, ದುಧನಿ ಕಡಿನೋ? ನೀ ಹೇಳು."

ಸಾಯಬಣ್ಣ ಹುರಿಯ ತುದಿಯನ್ನು ಹಲ್ಲಿನಿಂದ ಬಿಡಿಸಿಕೊಂಡ. ಮುಖವನ್ನು ತಲಾಠಿ ಕಚೇರಿಯಲ್ಲಿ ಇಟ್ಟುಕೊಳ್ಳುವ ಹಾಗೆ ಗಂಭೀರ ಮಾಡಿಕೊಂಡ. ಹುಟ್ಟಿದಾಗಿನಿಂದ ತಮ್ಮನ ಜತೆ ಒಂದು ಪದವೂ ಆಡದ ಭಾಷೆಯಲ್ಲಿ, ಅವನ 'ನಿಮಗೇನು' ಎಂಬುದನ್ನು 'ನನಗೇನು' ಎಂದು ತಿರುಗಿಸಿ ಹೇಳಿದ:

"ಮಲಾ ಕಾಯ ಕರಾಯಚಂಯ?"

ಸಿದ್ಧರಾಮನಿಗೆ ನಗು ಉಕ್ಕಿ ಬಂತು. ಬಯಲೆಲ್ಲ ನಕ್ಕಿತು, ಕೈಲಾಸ ತಾಟಿನ ಭಂಡಾರವನ್ನೆಲ್ಲ ಎರಡೂ ಕೈಯಿಂದ ಮೇಲಕ್ಕೆ ತೂರಿದ. ಕುರಿ, ಮಂದಿ, ಬಲೆ ಎಲ್ಲಾ ಹಳದಿಯಾದವು. ನಗುವ ಭರದಲ್ಲಿ ಸಿದ್ಧರಾಮ ಹಿಡಿದ ಹುರಿಯನ್ನು ಬಿಟ್ಟುಬಿಟ್ಟ. ಗಂಟು ಸಡಿಲಾಗಿ, ಗಂಟೆಯ ಟಗರು ಬಾಯಿಯಿಂದ ಹೊರಗೆ ಜಿಗಿದು ಓಟ ಕಿತ್ತಿತು.

"ಹಿಡೀರಿ, ಹಿಡೀರಿ ಅದನ್ನ!" ಎಂದು ಸೋನಾಬಾಯಿ ಕೂತಲ್ಲಿಂದಲೇ ಕೂಗಿದಳು.

ಅಣ್ಣತಮ್ಮರಿಬ್ಬರೂ ಒಂದೇ ಕಡೆಗೆ ಓಡಿದರು.